ಫರ್ಸಿ ಸಂದಿ

ನಮ್ಮ ಅಂಗನವಾಡಿಗೆ ಗೋಡಿ ಸರಿಯಿಲ್ಲ,
ನೆಲ ಮಾತ್ರ ರಾಜರ ನೆಲ.
ಶಾಬಾದದಾಗ ಬಡವರ ಮನ್ಯಾಗೂ ಫರ್ಸಿ ಇರ್ತದ,
ಗಣಿಯವರು ಒಡದು ಉಳದದ್ದು, ಮೂಲಿ ಮುರದದ್ದು,
ಒಂದು ಕರೇದು, ಒಂದು ಬೂದಿ, ಒಂದಕ್ಕ ಹಸರ ಛಾಯೆ.
ಏಪ್ರಿಲ್‌ದಾಗೂ ಹನ್ನೊಂದರ ತನಕ ತಂಪು.
ಹುಡ್ರು ಹೊಟ್ಟಿ ಹಚ್ಚಿ ಮಲಗತಾವ, ಮೀನಿನಂಗ.

ಜಮ್ನಿ ಬಂದಾಗ ಮೂರು ವರ್ಷ ಎರಡು ತಿಂಗಳು.
ತೂಕ ಹತ್ತು ಕೆಜಿ ಎಂಟನೂರು ಗ್ರಾಮ್.
ಹಳದಿ ಪಟ್ಟ್ಯಾಗ ಒಂದು ಚುಕ್ಕಿ ಇಟ್ಟೆ.
ಎತ್ತರ ಬರದೆ. ಲಸಿಕಿ ಬರದೆ.
ಮಾತು ಅನ್ನೋ ಕಡಿ ಪೆನ್ನು ನಿಂತಿತು.
ತಾಂಡಾದ ಕೂಸು. ಮನ್ಯಾಗ ಆಕಿಗೆ ಅವ್ವ ಅಲ್ಲ, ಯಾಡಿ.
ನಾನು ನೀರು ಅಂದ್ರ ನನ್ನ ಬಾಯಿ ನೋಡ್ತಿದ್ದಳು,
ಲೋಟ ಅಲ್ಲ.

ಎರಡು ತಿಂಗಳು ಒಂದು ಸೊಲ್ಲಿಲ್ಲ.
ಹಾಡಿಸಿದ್ರ ಎಲ್ಲಾರ ಸಂಗಾಟ ಕೈ ಎತ್ತತಿದ್ದಳು,
ಒಂದು ಗಳಿಗಿ ತಡ.
"ಮೂಗಿ ಏನೋ ಬಾಯಿ" ಅಂದಳು ಸಹಾಯಕಿ ಹಸೀನಾಬಿ,
ಉಪ್ಪಿಟ್ಟು ತಿರುವುತ್ತ.
"ಇಲ್ಲ, ಒಳಗ ತುಂಬಿಕೊಳ್ಳಾಕತ್ತದ" ಅಂದೆ.
ಅಂದೆ ಖರೆ, ರಾತ್ರಿ ನಂಗೂ ಅಂಜಿಕಿ.

ಒಂದು ಮಧ್ಯಾಹ್ನ ಅಪ್ಪ ಖೀರು ಬಂದ, ಗಣಿಯಿಂದ ನೆಟ್ಟಗ,
ರೆಪ್ಪಿ ಮ್ಯಾಲ ಬಿಳೇ ಧೂಳು.
"ಅಕ್ಷರ ಯಾವಾಗ ಹೇಳ್ತಿ ಟೀಚರ್?
ಕಾನ್ವೆಂಟಿನ ಪೋರ ಎ ಬಿ ಸಿ ಡಿ ಪಟಪಟ ಅಂತದ.
ಇಲ್ಲಿ ನೋಡಿದ್ರ ಮಣ್ಣು, ಬೀಜ, ಡಬ್ಬಿ ಮುಚ್ಚಳ.
ಆಡೋದು ಮನ್ಯಾಗೂ ಆಡ್ತದ."

ತರಬೇತಿಯಾಗ ಕಲಿಸಿದ ಉತ್ತರ ಇತ್ತು ನನ್ನ ಬಲ್ಲಿ:
ಆರು ವರ್ಷದೊಳಗ ಮಿದುಳು ಹಿಂಗ ಬೆಳೀತದ, ಹಂಗ ಬೆಳೀತದ.
ನಾಲಿಗಿ ತುದೀಗೆ ಬಂದು ಒಣಗಿತು.
ಬದಲಿ ಕೇಳಿದೆ:
ಕಲ್ಲು ಸೀಳಬೇಕಾದ್ರ ಮೊದಲ ಏನು ಮಾಡ್ತಿ ಖೀರಣ್ಣ?

ಅಂವ ನಕ್ಕ, ಇಂಥಾದ್ದೂ ಕೇಳ್ತಾರೇನು ಅನ್ನೋಹಂಗ.
"ಬಡಿಯಂಗಿಲ್ಲ. ಮೊದಲ ಸುತ್ತಿಗಿಯಿಂದ ಟಕ್ ಟಕ್ ಅನಸ್ತೀನಿ.
ಕಿವಿ ಹಚ್ಚತೀನಿ.
ಪದರು ಎಲ್ಲಿ ಅದ ಅಂತ ಕಲ್ಲೇ ಹೇಳ್ತದ.
ಗಡಬಡಿ ಮಾಡಿದ್ರ ಚೂರು. ಚೂರಿಗೆ ಕೂಲಿ ಇಲ್ಲ."
ಹೇಳಿ ಸುಮ್ಮನಾದ.
ನಾನೂ ಸುಮ್ಮನಾದೆ, ಗೆದ್ದೆ ಅಂದುಕೊಂಡು.
ಆದ್ರ ಕೂಸು ಕಲ್ಲಲ್ಲ.
ಕಲ್ಲಿಗೆ ಹಸಿವಿಲ್ಲ.

ಅಷ್ಟರಾಗ ಜಮ್ನಿ, ನಮ್ಮಿಬ್ಬರಿಗೂ ಬೆನ್ನು ಮಾಡಿ,
ಫರ್ಸಿ ಸಂದ್ಯಾಗ ತೊಗರಿ ಇಡ್ಲಾಕತ್ತಿದ್ದಳು.
ಒಂದು ಸಂದಿ. ಒಂದು ಕಾಳು. ಬೆರಳು ಹಚ್ಚಿ ಒತ್ತಿ
ಮುಂದಿನದು. ಕೆಂಪು ಕೆಂಪಿನ ಬಾಜು, ಬಿಳೇದು ದೂರ.
ಬಾಗಿಲದಿಂದ ಹೊರಟ ಗೆರಿ ಒಲಿ ಕಡಿ ಹೋಗಿ
ತಿರುಗಿ ಅಪ್ಪನ ಕಾಲಿನ ತನಕ ಬಂದು ನಿಂತಿತು.
ಕಾಳು ಮುಗಿದಿದ್ದವು. ಸಂದಿ ಉಳಿದಿತ್ತು.
ಮುಖ ಎತ್ತಿದಳು. ಅಪ್ಪನ ಕಡಿ ಅಲ್ಲ,
ಅಂಗೈ ಚಾಚಿದ್ದು ನನ್ನ ಕಡಿ.

"ಏಕ್," ಅಂದಳು.

ಒಂದು ಅನ್ನು ಅಂತ ನಾನು ತಿದ್ದಲಿಲ್ಲ.
ಒಂದೇ ಕಾಳು ಕೊಟ್ಟೆ. ಎರಡಲ್ಲ.
ಆಕಿ ಕೇಳಿದ ಲೆಕ್ಕ ಅದು.
ಖೀರು ಕಾಲು ಹಿಂದಕ್ಕ ತಗೊಂಡ,
ಸಂದಿ ಅಂವನ ಹಿಮ್ಮಡಿ ಕೆಳಗಿತ್ತು.

ಅವತ್ತು ಸಂಜಿಮುಂದ ರಜಿಸ್ಟರ್ ಎಲ್ಲಾ ತೆಗದು ನೋಡಿದೆ.
ಮೊಟ್ಟಿಗೆ ಕಾಲಮ್ ಅದ, ಶೇಂಗಾ ಚಿಕ್ಕಿಗೆ ಅದ,
ಬಂದವರಿಗೆ, ಬರದವರಿಗೆ.
ಅಂಚಿನಾಗ ಪೆನ್ಸಿಲ್‌ದಿಂದ ಬರದೆ: ಜಮ್ನಿ, ಏಕ್.
ಮೇಲ್ವಿಚಾರಕಿ ಬಂದ್ರ ಏನಿದು ಅಂತ ಕೇಳ್ತಾಳ. ಕೇಳಲಿ.

ಹಸೀನಾಬಿ ಕಸಬರಗಿ ಹಿಡದು ನಿಂತಿದ್ದಳು.
ಗೆರಿ ದಾಟಿ ದಾಟಿ ಕಸ ಹೊಡದಳು, ನಾನು ಹೇಳದೇ.

ಮರುದಿನ ಬಂದು ನೋಡಿದ್ರ ಇಲಿ ಅರ್ಧ ತಿಂದು ಹೋಗಿತ್ತು.
ಜಮ್ನಿ ಸಂದಿ ಸಂದಿಗೂ ಬಗ್ಗಿ ನೋಡಿದಳು, ಅಳಲಿಲ್ಲ.
ಡಬ್ಬಿ ತಂದು ಬಾಗಿಲ ಬಲ್ಲಿ ಕುಕ್ಕರುಗಾಲಿಲೆ ಕೂತಳು.
ಪ್ರಾರ್ಥನಾದ ಗಂಟಿ ಹೊಡಿಬೇಕಾಗಿತ್ತು.
ತಡ ಮಾಡಿದೆ.